ಶ್ವಾಸಕೋಶದಲ್ಲಿ ನೀರು, ಕಾಗದದಲ್ಲಿ ಗೊಂದಲ: ಅಮ್ಮನ ವಿಮಾ ಕ್ಲೇಮಿನ 71 ದಿನಗಳು

ಅಮ್ಮನ ಆಸ್ಪತ್ರೆ ಖರ್ಚಿನ ವಿಮಾ ಹಣ ಸೆಪ್ಟೆಂಬರ್ 2ರಂದು, ಅಂದರೆ ಆಕೆ ಆಸ್ಪತ್ರೆಯಿಂದ ಮನೆಗೆ ಬಂದ 71ನೆಯ ದಿನ, ನನ್ನ ಖಾತೆಗೆ ಜಮೆಯಾಯಿತು. ಅಮ್ಮ ದಾಖಲಾದ ಐದನೆಯ ದಿನವೇ ಎದ್ದು ಓಡಾಡಿದಳು. ಅವಳ ಕಾಗದಗಳು ಎದ್ದು ನಿಲ್ಲಲು ಎರಡು ತಿಂಗಳಿಗೂ ಹೆಚ್ಚು ಹಿಡಿಯಿತು. ಕಾರಣ ಹುಡುಕುತ್ತ ಹೋದರೆ ಅದು ಹೃದಯದಲ್ಲೂ ಇರಲಿಲ್ಲ, ಶ್ವಾಸಕೋಶದಲ್ಲೂ ಇರಲಿಲ್ಲ. ನಾವು ಗಾಬರಿಯಲ್ಲಿ ಆಡಿದ ಎರಡು ಮಾತು ಮತ್ತು ಆಸ್ಪತ್ರೆಯವರು ಅವಸರದಲ್ಲಿ ತುಂಬಿದ ಒಂದು ಕೋಡ್‌ನಲ್ಲಿ ಇತ್ತು. ಇದೇ ದಾರಿಯಲ್ಲಿ ನಡೆಯಬೇಕಾದವರಿಗೆ ಅನುಕೂಲವಾಗಲಿ ಎಂದು ನಡೆದದ್ದನ್ನು ಕ್ರಮವಾಗಿ ಬರೆದಿಡುತ್ತಿದ್ದೇನೆ.

2025ರ ಜೂನ್ 18ರ ರಾತ್ರಿ ತೀರ್ಥಹಳ್ಳಿ ಸಮೀಪದ ನಮ್ಮ ಊರಿನಲ್ಲಿ ಮಳೆ ಜಡಿಯುತ್ತಿತ್ತು. ಅಮ್ಮನ ಬಿಪಿ ಮಾತ್ರೆ ಮುಗಿದು ನಾಲ್ಕು ದಿನವಾಗಿತ್ತು. ಮಳೆ ಸ್ವಲ್ಪ ಬಿಡಲಿ, ಪೇಟೆಗೆ ಹೋದಾಗ ತಂದರಾಯಿತು ಎಂದು ಅವಳೇ ಅಣ್ಣನನ್ನು ತಡೆದಿದ್ದಳಂತೆ. ನೆಗಡಿಯಿಂದ ಬಾಯಿ ರುಚಿ ಕೆಟ್ಟಿದ್ದರಿಂದ ಆ ನಾಲ್ಕು ದಿನವೂ ಎರಡು ಹೊತ್ತು ಗಂಜಿ, ಅದಕ್ಕೆ ಮಾವಿನ ಮಿಡಿ ಉಪ್ಪಿನಕಾಯಿ. ರಾತ್ರಿ ಒಂದೂವರೆಗೆ ಮಲಗಲಾಗದೆ ಎದ್ದು ಕೂತವಳು ಕಿಟಕಿ ತೆಗೆಯಿರಿ ಎಂದು ಕೈಸನ್ನೆ ಮಾಡಿದಳು, ಮಾತು ಹೊರಡುತ್ತಿರಲಿಲ್ಲ. ಅಣ್ಣ ಶಿವಮೊಗ್ಗದಲ್ಲಿದ್ದ ನನಗೆ ಫೋನು ಮಾಡಿದಾಗ ಅವನ ಮಾತಿನ ಹಿಂದೆ ಅವಳ ಉಸಿರಿನ ಸದ್ದು ಕೇಳಿಸುತ್ತಿತ್ತು, ಹುಕ್ಕಾದಲ್ಲಿ ನೀರು ಗುಳುಗುಳಿಸಿದ ಹಾಗೆ.

ತಾಲೂಕು ಆಸ್ಪತ್ರೆಯ ರಾತ್ರಿ ಪಾಳಿಯ ವೈದ್ಯರು ಹತ್ತು ನಿಮಿಷದಲ್ಲಿ ಆಮ್ಲಜನಕ ಹಾಕಿ, ಮೈಯ ನೀರನ್ನು ಮೂತ್ರವಾಗಿ ಇಳಿಸುವ ಲಾಸಿಕ್ಸ್ ಚುಚ್ಚಿ, ನಾಲಿಗೆಯ ಕೆಳಗೆ ಒಂದು ಮಾತ್ರೆ ಇಟ್ಟು, ಅರ್ಧ ಹಾಳೆಯ ಚೀಟಿಯಲ್ಲಿ ನಾಲ್ಕು ಸಾಲು ಬರೆದು ಶಿವಮೊಗ್ಗಕ್ಕೆ ಕಳಿಸಿದರು. ಬಿಪಿ 220/120, ಆಮ್ಲಜನಕ 78, ಶ್ವಾಸಕೋಶದ ಎರಡೂ ಕಡೆ ಮೇಲಿನವರೆಗೆ ಕ್ರೆಪ್ಸ್ (ಉಸಿರಾಡುವಾಗ ಕೇಳುವ ಚಿರಿಚಿರಿ ಸದ್ದು), ಕೊನೆಯಲ್ಲಿ 'ಅಕ್ಯೂಟ್ ಎಲ್‌ವಿಎಫ್', ಅಂದರೆ ಹೃದಯದ ಎಡ ಕೋಣೆ ಒಮ್ಮೆಲೇ ಸೋತಿದೆ ಎಂದು. ಆ ಚೀಟಿಯನ್ನು ಅಣ್ಣ ಅಂಗಿಯ ಜೇಬಿಗೆ ತುರುಕಿದ. ಮಳೆಯಲ್ಲಿ ಅದು ಅರ್ಧ ನೆನೆಯಿತು. ಮುಂದೆ ಇಡೀ ಕಡತವನ್ನು ಉಳಿಸಿದ್ದು ಅದೇ.

ಸುಮಾರು 60 ಕಿಲೋಮೀಟರ್ ದಾರಿಗೆ ಖಾಸಗಿ ಆಂಬುಲೆನ್ಸ್ 4,500 ರೂಪಾಯಿ ತೆಗೆದುಕೊಂಡಿತು. ನಮ್ಮ ವಿಮೆಯ ನಗದುರಹಿತ ಪಟ್ಟಿಯಲ್ಲಿದ್ದ ಒಂದು ಖಾಸಗಿ ಆಸ್ಪತ್ರೆಗೆ ಬೆಳಗಿನ ಜಾವ ನಾಲ್ಕಕ್ಕೆ ತಲುಪಿದಾಗ ಬಾಗಿಲಲ್ಲಿ ನಾನು ಕಾಯುತ್ತಿದ್ದೆ. ಐಸಿಯುದಲ್ಲಿ ಅಮ್ಮನ ಮುಖಕ್ಕೆ ಒತ್ತಡದಿಂದ ಗಾಳಿ ಕೊಡುವ ಬೈಪ್ಯಾಪ್ ಮುಖವಾಡ ಬಿಗಿದರು, ಬಿಪಿ ಇಳಿಸುವ ಔಷಧಿಯನ್ನು ಹನಿಹನಿಯಾಗಿ ಹರಿಸಿದರು, ಮೂತ್ರಕ್ಕೆ ನಳಿಕೆ ಹಾಕಿದರು. ಬೆಳಿಗ್ಗೆ ಎಂಟರ ಹೊತ್ತಿಗೆ ಚೀಲದಲ್ಲಿ ಒಂದೂವರೆ ಲೀಟರ್ ಮೂತ್ರ ತುಂಬಿತ್ತು, ಅಮ್ಮನ ಉಸಿರು ಹದಕ್ಕೆ ಬಂದಿತ್ತು. ಸಾಯುತ್ತಾಳೆ ಎಂದುಕೊಂಡಿದ್ದವಳು ಮುಖವಾಡದೊಳಗಿಂದಲೇ 'ಕಾಫಿ' ಎಂದದ್ದು ಕೇಳಿ ನರ್ಸ್ ನಕ್ಕರು, ನಾನು ಗೋಡೆಗೆ ಮುಖ ಮಾಡಿ ಅತ್ತೆ.

ಈ ಗಡಿಬಿಡಿಯ ನಡುವೆ ಕಿರಿಯ ವೈದ್ಯರೊಬ್ಬರು ಹಲಗೆಯ ಮೇಲೆ ಹಾಳೆ ಇಟ್ಟುಕೊಂಡು ಅಣ್ಣನನ್ನು ಕೇಳಿದರು: "ಬಿಪಿ ಎಷ್ಟು ವರ್ಷದಿಂದ ಇದೆ?" ಅಣ್ಣ ಹೇಳಿದ: "ಒಂದು ಹತ್ತು ವರ್ಷ ಆಗಿರ್ಬೋದು ಸಾರ್." ನಮ್ಮ ಕಡೆ ಹತ್ತು ವರ್ಷ ಎಂದರೆ ಲೆಕ್ಕವಲ್ಲ, ತುಂಬ ದಿನವಾಯಿತು ಎಂದಷ್ಟೇ ಅರ್ಥ. ಆದರೆ ಕೇಸ್‌ಶೀಟಿನಲ್ಲಿ ಅದು 'ಹೈಪರ್‌ಟೆನ್ಷನ್ 10 ವರ್ಷದಿಂದ' ಎಂದು ಇಂಗ್ಲಿಷಿನಲ್ಲಿ ದಾಖಲಾಯಿತು. ನಿಜ ಸಂಗತಿ ಎಂದರೆ ಅಮ್ಮನಿಗೆ ಬಿಪಿ ಇರುವುದು ಗೊತ್ತಾದದ್ದು 2018ರಲ್ಲಿ. 2021ರ ಜುಲೈನಲ್ಲಿ ವಿಮೆ ಮಾಡಿಸುವಾಗ ನಾವು ಅದನ್ನು ಅರ್ಜಿಯಲ್ಲಿ ಹಾಗೆಯೇ ಬರೆದಿದ್ದೆವು.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ರೋಗಿಯ ಜೊತೆ ಹೋಗುವವರು ಯಾರೇ ಇರಲಿ, ಯಾವ ಕಾಯಿಲೆ ಯಾವ ವರ್ಷದಿಂದ, ಯಾವ ಮಾತ್ರೆ, ಎಷ್ಟು ಮಿಲಿಗ್ರಾಂ ಎಂಬುದನ್ನು ಒಂದು ಚೀಟಿಯಲ್ಲಿ ಬರೆದು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಳ್ಳಿ. ಗೊತ್ತಿಲ್ಲದಿದ್ದರೆ 'ಸರಿಯಾಗಿ ಗೊತ್ತಿಲ್ಲ, ಮನೆಯಲ್ಲಿ ಕೇಳಿ ಹೇಳುತ್ತೇನೆ' ಎನ್ನಿ. ಅಂದಾಜಿನ ಮಾತು ಬೇಡ.

ಬೆಳಿಗ್ಗೆ ಒಂಬತ್ತಕ್ಕೆ ಆಸ್ಪತ್ರೆಯ ಇನ್ಶೂರೆನ್ಸ್ ಡೆಸ್ಕಿಗೆ ಕರೆದರು. ನಗದುರಹಿತ ಚಿಕಿತ್ಸೆಗೆ ಮುಂಗಡ ಒಪ್ಪಿಗೆ ಕೇಳುವ ನಮೂನೆಯಲ್ಲಿ ರೋಗದ ಹೆಸರಿನ ಪಕ್ಕದಲ್ಲೇ ಐಸಿಡಿ-10 ಕೋಡ್ ತುಂಬುವ ಜಾಗವಿರುತ್ತದೆ. ಐಸಿಡಿ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆ ರೂಪಿಸಿದ ರೋಗಗಳ ವರ್ಗೀಕರಣ. ಒಂದೊಂದು ರೋಗಕ್ಕೂ ಒಂದು ಅಕ್ಷರ, ಕೆಲವು ಅಂಕಿ. ಹನ್ನೊಂದನೆಯ ಆವೃತ್ತಿ 2022ರ ಜನವರಿಯಿಂದ ಜಾರಿಗೆ ಬಂದಿದ್ದರೂ ನಾನು ಸಹಿ ಹಾಕಿದ ನಮೂನೆಯಲ್ಲಿ ಕೇಳಿದ್ದು ಹತ್ತನೆಯದನ್ನೇ. ಡೆಸ್ಕಿನ ಹುಡುಗ ಅಲ್ಲಿ 'ಅಕ್ಯೂಟ್ ಪಲ್ಮನರಿ ಎಡೀಮಾ, ಜೆ81.0' ಎಂದು ಬರೆದ, ಅಂದರೆ ಶ್ವಾಸಕೋಶದಲ್ಲಿ ಒಮ್ಮೆಲೇ ನೀರು ತುಂಬಿದ್ದು. ಬಿಪಿ ವಿಷಯ ಬರೆಯುವುದಿಲ್ಲವೇ ಎಂದು ಕೇಳಿದ್ದಕ್ಕೆ, "ಅದನ್ನ ಮುಂದೆ ತಂದ್ರೆ ಹಳೇ ಕಾಯಿಲೆ ಅಂತ ಕ್ವೈರಿ ಹಾಕ್ತಾರೆ ಮೇಡಂ, ಇದೇ ಸೇಫ್" ಎಂದ. ಅವನ ಉದ್ದೇಶ ಒಳ್ಳೆಯದೇ ಇತ್ತು. ನನಗೂ ಆಗ ತಿಳಿವಳಿಕೆ ಇರಲಿಲ್ಲ, ನಿದ್ದೆಯೂ ಇರಲಿಲ್ಲ, ಸಹಿ ಹಾಕಿದೆ. ಮಧ್ಯಾಹ್ನದೊಳಗೆ 40,000 ರೂಪಾಯಿಗೆ ಆರಂಭಿಕ ಒಪ್ಪಿಗೆ ಬಂತು.

ಐಸಿಯುದಲ್ಲಿ ಎರಡು ರಾತ್ರಿ, ವಾರ್ಡಿನಲ್ಲಿ ಮೂರು ರಾತ್ರಿ. ಎಕೋದಲ್ಲಿ, ಅಂದರೆ ಹೃದಯದ ಸ್ಕ್ಯಾನಿನಲ್ಲಿ, ಎಡ ಕೋಣೆಯ ಗೋಡೆ ದಪ್ಪಗಾಗಿದೆ, ಅದು ಸರಿಯಾಗಿ ಸಡಿಲಗೊಳ್ಳುತ್ತಿಲ್ಲ, ಆದರೆ ರಕ್ತ ತಳ್ಳುವ ಪ್ರಮಾಣ ಶೇ. 56 ಇದೆ ಎಂದು ಬಂತು. ಹೃದಯದ ಮೇಲಿನ ಒತ್ತಡ ತೋರಿಸುವ ಎನ್‌ಟಿ-ಪ್ರೊಬಿಎನ್‌ಪಿ ಎಂಬ ರಕ್ತಪರೀಕ್ಷೆ ಬಹಳ ಏರಿತ್ತು. ಮೊದಲ ರಾತ್ರಿ ಸೋಂಕೂ ಇರಬಹುದೆಂದು ಪ್ರತಿಜೀವಕ ಕೊಟ್ಟಿದ್ದರು. ಪರೀಕ್ಷೆಗಳಲ್ಲಿ ಸೋಂಕು ಕಾಣದ್ದರಿಂದ ಮೂರನೆಯ ದಿನ ನಿಲ್ಲಿಸಿದರು. ಹೃದಯತಜ್ಞರು ಹಾಸಿಗೆಯ ಪಕ್ಕದಲ್ಲಿ ನಿಂತು ನಮಗೆ ಬಿಡಿಸಿ ಹೇಳಿದರು: ಬಿಪಿ ಒಮ್ಮೆಲೇ ಏರಿದಾಗ ಎಡ ಕೋಣೆ ಅದರ ಎದುರು ರಕ್ತ ತಳ್ಳಲಾಗದೆ ಸೋಲುತ್ತದೆ, ಹಿಂದೆ ನಿಂತ ರಕ್ತದ ಒತ್ತಡಕ್ಕೆ ಶ್ವಾಸಕೋಶದ ಸಣ್ಣ ರಕ್ತನಾಳಗಳಿಂದ ನೀರು ಗಾಳಿಗೂಡುಗಳೊಳಗೆ ಒಸರುತ್ತದೆ. ಇಷ್ಟು ಸ್ಪಷ್ಟವಾಗಿ ಬಾಯಲ್ಲಿ ಹೇಳಿದ್ದು ಡಿಸ್ಚಾರ್ಜ್ ಸಾರಾಂಶಕ್ಕೆ ಇಳಿಯಲೇ ಇಲ್ಲ ಎಂಬುದು ನಮಗೆ ತಿಳಿದದ್ದು ಬಿಡುಗಡೆಯ ದಿನ.

ಜೂನ್ 23ರಂದು ಬೆಳಿಗ್ಗೆ ಹನ್ನೊಂದಕ್ಕೆ ಮನೆಗೆ ಹೋಗಬಹುದು ಎಂದರು. ಡಿಸ್ಚಾರ್ಜ್ ಸಮಯದ ಅಂತಿಮ ಒಪ್ಪಿಗೆಯನ್ನು ವಿಮಾ ಕಂಪನಿ ಮೂರು ಗಂಟೆಯೊಳಗೆ ಕೊಡಬೇಕು ಎಂದು ವಿಮಾ ನಿಯಂತ್ರಣ ಪ್ರಾಧಿಕಾರ 2024ರ ಮೇ ತಿಂಗಳ ಸುತ್ತೋಲೆಯಲ್ಲಿ ಹೇಳಿದೆ. ಆದರೆ ಆ ಮೂರು ಗಂಟೆ ಶುರುವಾಗುವುದು ಆಸ್ಪತ್ರೆ ಕಡತ ಕಳಿಸಿದ ಮೇಲೆ. ನಮ್ಮ ಕಡತ ಹೋದದ್ದೇ ಮೂರೂವರೆಗೆ. ಅಮ್ಮ ಸೀರೆ ಉಟ್ಟು, ಚೀಲ ಕಟ್ಟಿಕೊಂಡು, ಮಂಚದ ತುದಿಯಲ್ಲಿ ಬಸ್ಸಿಗೆ ಕಾಯುವವರಂತೆ ಕೂತಿದ್ದಳು. ಸಂಜೆ ಆರೂಕಾಲಿಗೆ ಉತ್ತರ ಬಂತು: ಮುಂಗಡ ನಮೂನೆಯ ರೋಗಕ್ಕೂ ಡಿಸ್ಚಾರ್ಜ್ ಸಾರಾಂಶದ ರೋಗಕ್ಕೂ ತಾಳೆಯಾಗುತ್ತಿಲ್ಲ, ಮೂಲ ಕಾರಣ ಸ್ಪಷ್ಟವಿಲ್ಲ, ನಗದುರಹಿತ ಸೌಲಭ್ಯ ರದ್ದು, ಹಣ ಕಟ್ಟಿ ನಂತರ ಮರುಪಾವತಿಗೆ ಅರ್ಜಿ ಹಾಕಬಹುದು. ಮೊದಲು ಒಪ್ಪಿದ್ದ 40,000 ಕೂಡ ಹೋಯಿತು.

ಬಿಲ್ಲು 1,46,380 ರೂಪಾಯಿ. ನನ್ನ ಉಳಿತಾಯದಿಂದ 60,000 ಕಟ್ಟಿದೆ. ಉಳಿದದ್ದಕ್ಕೆ ಅಣ್ಣ ಪರಿಚಯದವರೊಬ್ಬರಿಂದ ಅಂದು ರಾತ್ರಿಯೇ ಕೈಗಡ ತಂದು, ಮಾರನೆಯ ದಿನ ಅತ್ತಿಗೆಯ ಸರ ಸೊಸೈಟಿಯಲ್ಲಿ ಅಡವಿಟ್ಟು ತೀರಿಸಿದ. ರಾತ್ರಿ ಹತ್ತಕ್ಕೆ ಮನೆಯತ್ತ ಹೊರಟಾಗ ಅಮ್ಮ ಕೇಳಿದ್ದು ಒಂದೇ ಮಾತು: "ನಾನು ಗುಣ ಆಗಿದೀನೋ ಇಲ್ವೋ ಅಂತ ಅವ್ರಿಗೆ ಡೌಟಂತಾ?"

ಮರುದಿನ ನಾನು ಡಿಸ್ಚಾರ್ಜ್ ಸಾರಾಂಶವನ್ನು ಮೊದಲ ಬಾರಿಗೆ ಪೂರ್ತಿ ಓದಿದೆ. ರೋಗನಿರ್ಣಯದ ಜಾಗದಲ್ಲಿ ಇದ್ದದ್ದು ಹೀಗೆ: 'ಎಲ್‌ಆರ್‌ಟಿಐ, ಅಕ್ಯೂಟ್ ಪಲ್ಮನರಿ ಎಡೀಮಾ, ? ಕಾರ್ಡಿಯೋಜೆನಿಕ್'. ಎಲ್‌ಆರ್‌ಟಿಐ ಎಂದರೆ ಶ್ವಾಸನಾಳದ ಕೆಳಭಾಗದ ಸೋಂಕು. ಮೊದಲ ರಾತ್ರಿಯ ಅನುಮಾನವನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟವರು ಐದನೆಯ ದಿನ ಅದನ್ನು ತೆಗೆಯದೆ ಮುದ್ರಿಸಿದ್ದರು. ಹೃದಯದಿಂದ ಬಂದದ್ದು ಎಂಬುದರ ಹಿಂದೆ ಪ್ರಶ್ನಾರ್ಥಕ ಚಿಹ್ನೆ ಹಾಗೆಯೇ ಉಳಿದಿತ್ತು. ಕೆಳಗೆ 'ಬಿಪಿ 10 ವರ್ಷದಿಂದ'. ತಾಲೂಕು ಆಸ್ಪತ್ರೆಯ ಚಿಕಿತ್ಸೆಯ ಪ್ರಸ್ತಾಪವೇ ಇಲ್ಲ. ಕ್ಲೇಮ್ ಪರಿಶೀಲಿಸುವವರು ಅಮ್ಮನನ್ನು ನೋಡಿಲ್ಲ, ಈ ಹಾಳೆಯನ್ನು ಮಾತ್ರ ನೋಡುತ್ತಾರೆ. ಅವರ ಜಾಗದಲ್ಲಿ ಕೂತು ಓದಿದಾಗ ಅವರು ತಿರಸ್ಕರಿಸಿದ್ದರಲ್ಲಿ ನನಗೆ ಅಷ್ಟು ಆಶ್ಚರ್ಯವಾಗಲಿಲ್ಲ.

ಆಸ್ಪತ್ರೆಯಲ್ಲಿ ದಾಖಲೆ ವಿಭಾಗ ಎಂದು ಒಂದಿರುತ್ತದೆ, ಅಲ್ಲಿ ಎಲ್ಲರೂ ಎಂಆರ್‌ಡಿ ಎನ್ನುತ್ತಾರೆ. ನಮ್ಮಲ್ಲಿ ಅದು ನೆಲಮಾಳಿಗೆಯಲ್ಲಿ, ಲಾಂಡ್ರಿಯ ಪಕ್ಕದಲ್ಲಿತ್ತು. ಇಡೀ ಕೇಸ್‌ಶೀಟಿನ ಪ್ರತಿ ಬೇಕೆಂದು ಲಿಖಿತ ಅರ್ಜಿ ಕೊಟ್ಟೆ. ಕೇಳಿದ 72 ಗಂಟೆಯೊಳಗೆ ವೈದ್ಯಕೀಯ ದಾಖಲೆಗಳನ್ನು ಕೊಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ಆ ಸಾಲನ್ನು ಅರ್ಜಿಯಲ್ಲೇ ಬರೆದದ್ದು ಕೆಲಸಕ್ಕೆ ಬಂತು. ಮೂರನೆಯ ದಿನ 94 ಪುಟಗಳ ಪ್ರತಿ ಸಿಕ್ಕಿತು, ಶುಲ್ಕ 1,200 ರೂಪಾಯಿ.

ಅಲ್ಲಿ ಕಡತಗಳಿಗೆ ರೋಗದ ಕೋಡ್ ಹಾಕುವ ಹೆಣ್ಣುಮಗಳೊಬ್ಬಳು, ಊಟದ ಡಬ್ಬಿ ತೆರೆದಿಟ್ಟುಕೊಂಡೇ, ನನಗೆ ಅರ್ಧ ಗಂಟೆ ಪಾಠ ಮಾಡಿದಳು. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ ಪಲ್ಮನರಿ ಎಡೀಮಾಗೆ ಇರುವುದು ಬರೀ ಜೆ81. ತೀವ್ರವಾದದ್ದಕ್ಕೆ ಜೆ81.0, ದೀರ್ಘಕಾಲದ್ದಕ್ಕೆ ಜೆ81.1 ಎಂದು ಒಡೆದಿರುವುದು ಅಮೆರಿಕದವರ ಆವೃತ್ತಿಯಲ್ಲಿ. ಡೆಸ್ಕಿನವರು ಅಂತರ್ಜಾಲದಲ್ಲಿ ಹುಡುಕಿದಾಗ ಸಿಕ್ಕಿದ್ದು ಅದು. ಅದು ದೊಡ್ಡ ತಪ್ಪಲ್ಲ. ದೊಡ್ಡದು ಬೇರೆ ಇತ್ತು. ಜೆ81ರ ಕೆಳಗೇ ಒಂದು ಸೂಚನೆಯಿದೆ: ಹೃದ್ರೋಗ ಅಥವಾ ಹೃದಯ ವೈಫಲ್ಯದ ಜೊತೆ ಬಂದ ಎಡೀಮಾವನ್ನು ಇಲ್ಲಿ ಹಾಕಬಾರದು, ಅದು ಎಡ ಹೃತ್ಕುಕ್ಷಿಯ (ಎಡ ಕೋಣೆಯ) ವೈಫಲ್ಯದ ಕೋಡ್ ಆದ ಐ50.1ಕ್ಕೆ ಹೋಗಬೇಕು. ರಾಸಾಯನಿಕ ಹೊಗೆಯಿಂದ ಬಂದದ್ದಕ್ಕೆ ಜೆ68.1, ಎತ್ತರದ ಪ್ರದೇಶಕ್ಕೆ ಹೋದಾಗ ಬರುವುದಕ್ಕೆ ಟಿ70.2. ಅಂದರೆ ನೀರು ತುಂಬಿತು ಎಂದಷ್ಟೇ ಹೇಳಿದರೆ ಆ ಪುಸ್ತಕಕ್ಕೆ ಸಾಲದು, ನೀರು ಎಲ್ಲಿಂದ ಬಂತು ಎಂದು ಅದು ಕೇಳುತ್ತದೆ. ಇನ್ನೂ ಒಂದು ಹೆಜ್ಜೆ ಇದೆ: ಹೃದಯ ಸೋತದ್ದು ಅಧಿಕ ರಕ್ತದೊತ್ತಡದಿಂದ ಎಂದಾದರೆ ಐ50ನ್ನೂ ದಾಟಿ ಐ11.0ಕ್ಕೆ ಹೋಗಬೇಕು. ಅಮ್ಮನ ನಿಜವಾದ ಜಾಗ ಅದು. "ಹಾಗಾದರೆ ನೀವೇ ಸರಿಮಾಡಿ" ಎಂದೆ. ಅವಳು ತಲೆಯಾಡಿಸಿದಳು: "ಎಕೋ ನೋಡಿ, ಎಕ್ಸ್‌ರೇ ನೋಡಿ ನಾವಾಗೇ ಕೋಡ್ ಹಾಕೋ ಹಾಗಿಲ್ಲ ಅಕ್ಕಾ. ಡಾಕ್ಟ್ರು ಕೈಯಲ್ಲಿ ಬರ್ದಿರ್ಬೇಕು, ಪ್ರಶ್ನೆ ಚಿಹ್ನೆ ಇರಬಾರ್ದು."

ಐ11.0 ಎಂದರೆ ಬಿಪಿಯ ಹೆಸರು ಕಡತದ ನೆತ್ತಿಯ ಮೇಲೆ ಬಂದು ಕೂರುತ್ತದೆ. ಡೆಸ್ಕಿನ ಹುಡುಗ ಹೆದರಿದ್ದು ಇದಕ್ಕೇ. ನಾನು ಪಾಲಿಸಿ ತೆರೆದು ನೋಡಿದೆ: ಮೊದಲೇ ಇದ್ದ ಕಾಯಿಲೆಗೆ ವಿಮೆ ಅನ್ವಯಿಸಲು ಕಾಯಬೇಕಾದ ಅವಧಿ ಮೂರು ವರ್ಷ, ನಮಗೆ ಅದು ಮುಗಿದು ಹನ್ನೊಂದು ತಿಂಗಳಾಗಿತ್ತು. ಬಚ್ಚಿಡಬೇಕಾದದ್ದೇ ಇಲ್ಲದ ಕಡೆ ಬಚ್ಚಿಟ್ಟು ನಾವು ಸಿಕ್ಕಿಬಿದ್ದಿದ್ದೆವು. ಅವಧಿ ಮುಗಿಯದಿದ್ದರೆ ಏನು ಮಾಡುತ್ತಿದ್ದೆ ಎಂದು ನನ್ನನ್ನೇ ಕೇಳಿಕೊಂಡಿದ್ದೇನೆ. ಅಡವಿಟ್ಟ ಸರ ನೆನಪಾದಾಗ ಉತ್ತರ ಅಷ್ಟು ಧೈರ್ಯವಾಗಿ ಬರುವುದಿಲ್ಲ. ಆದರೆ ಸುಳ್ಳು ಕೋಡ್ ಕೇಸ್‌ಶೀಟಿನ ಪ್ರತಿ ಪುಟಕ್ಕೂ ವಿರುದ್ಧ ನಿಲ್ಲುತ್ತದೆ, ಲಾಸಿಕ್ಸ್ ಕೊಟ್ಟದ್ದು, ಎಕೋ ಮಾಡಿದ್ದು ಎಲ್ಲವೂ ಹೃದಯವನ್ನೇ ತೋರಿಸುತ್ತಿರುತ್ತವೆ ಎಂಬುದಂತೂ ನಿಜ.

ಹೃದಯತಜ್ಞರನ್ನು ಭೇಟಿಯಾಗಲು ಜುಲೈ 1ರಂದು ಹೊರರೋಗಿ ಚೀಟಿ ಮಾಡಿಸಿಕೊಂಡು ಮೂರು ಗಂಟೆ ಕಾದೆ. 'ಕೋಡ್ ಬದಲಿಸಿ ಕೊಡಿ' ಎಂದು ಕೇಳಲಿಲ್ಲ. ಹಾಗೆ ಕೇಳಿದರೆ ಯಾವ ವೈದ್ಯರಿಗಾದರೂ ಸಿಟ್ಟು ಬರುತ್ತದೆ. ಕೇಸ್‌ಶೀಟಿನಲ್ಲಿ ಎರಡನೆಯ ದಿನ ಅವರೇ ಕೈಯಾರೆ ಬರೆದ ಟಿಪ್ಪಣಿಗೆ ಗುರುತು ಹಾಕಿ, ಸಾರಾಂಶದ ಸಾಲನ್ನು ಪಕ್ಕದಲ್ಲಿಟ್ಟು, ಇವೆರಡರಲ್ಲಿ ಯಾವುದು ಅಂತಿಮ ಎಂದು ಕೇಳಿದೆ. ಅವರು ಓದಿ, ಕನ್ನಡಕ ತೆಗೆದು, "ಇದನ್ನ ಯಾರು ಟೈಪ್ ಮಾಡಿದ್ದು?" ಎಂದರು. ಹಳೆಯ ಸಾರಾಂಶವನ್ನು ಅಳಿಸಿ ಹೊಸದು ಕೊಡಲು ಬರುವುದಿಲ್ಲ, ಕೊಡಲೂಬಾರದು. ತಿದ್ದುಪಡಿಯನ್ನು ಪ್ರತ್ಯೇಕ ಹಾಳೆಯಲ್ಲಿ ಅಂದಿನ ದಿನಾಂಕ, ಸಹಿ, ನೋಂದಣಿ ಸಂಖ್ಯೆಯೊಂದಿಗೆ ಸೇರಿಸಬೇಕು. ಹಾಗೆ ಸಿಕ್ಕ ಹಾಳೆಯಲ್ಲಿ ಅಧಿಕ ರಕ್ತದೊತ್ತಡದ ಹೃದ್ರೋಗ, ಎಡ ಹೃತ್ಕುಕ್ಷಿಯ ತೀವ್ರ ವೈಫಲ್ಯ, ಅದರಿಂದ ಶ್ವಾಸಕೋಶದಲ್ಲಿ ನೀರು, ಮಾತ್ರೆ ತಪ್ಪಿದ್ದು ಪ್ರಚೋದಕ, ಸೋಂಕಿನ ಅನುಮಾನ ಪರೀಕ್ಷೆಯಿಂದ ತಳ್ಳಿಹಾಕಲಾಗಿದೆ ಎಂಬ ಐದು ಸಂಗತಿಗಳಿದ್ದವು. ಮಾತ್ರೆ ತಪ್ಪಿದ್ದನ್ನು ಬರೆಯಬೇಡಿ ಎನ್ನಲು ಅಣ್ಣ ಬಾಯಿ ತೆರೆದ. ನಾನು ಅವನ ತೋಳು ಹಿಡಿದೆ.

ಜುಲೈ 4ರಂದು ಮೂಲ ದಾಖಲೆಗಳನ್ನು ಕೊರಿಯರ್ ಮಾಡಿದೆ. ಕ್ಲೇಮ್ ನಮೂನೆಯ ಎ ಭಾಗ ನಾವು ತುಂಬುವುದು, ಬಿ ಭಾಗ ಆಸ್ಪತ್ರೆ ತುಂಬಿ ಮುದ್ರೆ ಹಾಕುವುದು. ಬಿ ಭಾಗದಲ್ಲೂ ಕೋಡ್ ಇರುತ್ತದೆ, ಅದು ತಿದ್ದುಪಡಿಯ ಹಾಳೆಗೆ ಹೊಂದುತ್ತದೆಯೇ ಎಂದು ನೋಡದೆ ತರಬೇಡಿ. ನಮ್ಮದರಲ್ಲಿ ಮತ್ತೆ ಜೆ81.0 ಎಂದೇ ಬಂದಿತ್ತು, ಡೆಸ್ಕಿನಲ್ಲಿ ನಿಂತು ಹೊಸದು ಮಾಡಿಸಿದೆ. ಕಳಿಸುವ ಮೊದಲು ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿಟ್ಟುಕೊಂಡೆ.

ಹದಿನೈದು ದಿನ ಮೌನ. ಜುಲೈ 19ರಂದು ಮೂರು ಪ್ರಶ್ನೆಗಳು ಬಂದವು. ಮೊದಲನೆಯದು ನನ್ನನ್ನು ತಬ್ಬಿಬ್ಬುಗೊಳಿಸಿತು: ಎದೆಯಿಂದ ತೆಗೆದ ನೀರಿನ ಪ್ರಮಾಣ ಮತ್ತು ಅದರ ಪರೀಕ್ಷಾ ವರದಿ ಎಲ್ಲಿ? ನೀರು ತೆಗೆದೇ ಇರಲಿಲ್ಲ. ಆಮೇಲೆ ಹೊಳೆಯಿತು, ಸಹಾಯವಾಣಿಯವರು ಏನಾಗಿತ್ತು ಎಂದು ಕೇಳಿದಾಗ ನಾನು ಫೋನಿನಲ್ಲಿ 'ಶ್ವಾಸಕೋಶದಲ್ಲಿ ನೀರು ತುಂಬಿತ್ತು, ನೀರು ತೆಗೆದರು' ಎಂದಿದ್ದೆ. ಮೂತ್ರದ ದಾರಿಯಲ್ಲಿ ತೆಗೆದದ್ದು ನನ್ನ ಮನಸ್ಸಿನಲ್ಲಿತ್ತು. ನಮ್ಮ ಮಾತಿನಲ್ಲಿ ಎರಡು ಬೇರೆ ಬೇರೆ ಸ್ಥಿತಿಗೆ ಒಂದೇ ಹೆಸರು. ಶ್ವಾಸಕೋಶಕ್ಕೂ ಎದೆಗೂಡಿನ ಗೋಡೆಗೂ ನಡುವಿನ ಪೊರೆಯಲ್ಲಿ ನೀರು ನಿಂತರೆ ಅದು ಪ್ಲೂರಲ್ ಎಫ್ಯೂಷನ್, ಕೋಡ್ ಜೆ90. ಅದನ್ನು ಸೂಜಿ ಹಾಕಿ ತೆಗೆದು ಪರೀಕ್ಷೆಗೆ ಕಳಿಸಬಹುದು. ಅಮ್ಮನದು ಶ್ವಾಸಕೋಶದ ಒಳಗೇ, ಗಾಳಿಗೂಡುಗಳಲ್ಲಿ ಇದ್ದ ನೀರು. ಅದಕ್ಕೆ ಸೂಜಿ ಇಲ್ಲ, ಔಷಧಿ ಮತ್ತು ಮುಖವಾಡದ ಗಾಳಿಯ ಒತ್ತಡವೇ ದಾರಿ. ಅಣ್ಣನ 'ಹತ್ತು ವರ್ಷ'ಕ್ಕೆ ಬೈದಿದ್ದ ನಾನೇ ಇದನ್ನು ಮಾಡಿದ್ದೆ.

ಎರಡನೆಯ ಪ್ರಶ್ನೆ, ಬಿಪಿ 10 ವರ್ಷದಿಂದ ಇದ್ದರೆ ಅರ್ಜಿಯಲ್ಲಿ 2018 ಎಂದು ಏಕೆ ಬರೆದಿರಿ, ಮೊದಲ ತಪಾಸಣೆಯ ಕಾಗದ ಕೊಡಿ. ಇದಕ್ಕಾಗಿ ಊರಿನ ಮನೆಯನ್ನು ಎರಡು ದಿನ ಜಾಲಾಡಿದೆವು. ಕೊನೆಗೆ ರೇಷನ್ ಕಾರ್ಡು, ಪಹಣಿಗಳಿದ್ದ ತಗಡಿನ ಪೆಟ್ಟಿಗೆಯ ತಳದಲ್ಲಿ ಸರ್ಕಾರಿ ಆಸ್ಪತ್ರೆಯಲ್ಲಿ ಬಿಪಿ, ಸಕ್ಕರೆ ಕಾಯಿಲೆಯಂಥವನ್ನು ನೋಡುವ ಎನ್‌ಸಿಡಿ ಕ್ಲಿನಿಕ್ಕಿನ ಹಳದಿ ಕಾರ್ಡ್ ಸಿಕ್ಕಿತು: 2018ರ ನವೆಂಬರ್, ಬಿಪಿ 170/100, 'ಹೊಸದಾಗಿ ಪತ್ತೆ'. ಮೂರನೆಯದು, ದಾಖಲಾಗುವ ಮೊದಲು ಬೇರೆ ಕಡೆ ಚಿಕಿತ್ಸೆ ಆಗಿತ್ತೇ? ಅಣ್ಣನ ಜೇಬಿನಲ್ಲಿ ನೆನೆದಿದ್ದ ತಾಲೂಕು ಆಸ್ಪತ್ರೆಯ ಚೀಟಿಯನ್ನು ಅತ್ತಿಗೆ ಒಗೆಯುವ ಮೊದಲು ತೆಗೆದು, ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿ, ಪಂಚಾಂಗದ ನಡುವೆ ಇಟ್ಟಿದ್ದಳು. ಯಾವ ಪರೀಕ್ಷೆಯೂ ಇಲ್ಲದೆ, ಕಿವಿ ಮತ್ತು ಸ್ಟೆತಸ್ಕೋಪಿನಿಂದಲೇ ಮೊದಲ ಹತ್ತು ನಿಮಿಷದಲ್ಲಿ ಬರೆದ 'ಅಕ್ಯೂಟ್ ಎಲ್‌ವಿಎಫ್' ಎಂಬ ಆ ಎರಡು ಪದ ತಿದ್ದುಪಡಿ ಹಾಳೆಗೆ ಸಾಕ್ಷಿಯಾಯಿತು. ವಿಮೆಯ ಜಗಳ ಶುರುವಾಗುವ ಮೊದಲೇ ಬರೆದದ್ದಾದ್ದರಿಂದ ಅದನ್ನು ಯಾರೂ ಅನುಮಾನಿಸುವಂತಿರಲಿಲ್ಲ.

ಆಗಸ್ಟ್ 8ರಂದು ಉತ್ತರ ಕೊಟ್ಟ ಮೇಲೆ ಇನ್ನೊಂದು ಪ್ರಶ್ನೆ ಬಂತು: ಎಜೆಕ್ಷನ್ ಫ್ರಾಕ್ಷನ್ (ರಕ್ತ ತಳ್ಳುವ ಪ್ರಮಾಣ) ಶೇ. 56 ಇರುವಾಗ ಹೃದಯ ವೈಫಲ್ಯ ಹೇಗೆ? ಹಿಂಡುವ ಶಕ್ತಿ ಸರಿಯಿದ್ದೂ ಸಡಿಲಗೊಳ್ಳುವ ಶಕ್ತಿ ಕುಂದಿದಾಗಲೂ ಹೃದಯ ಸೋಲುತ್ತದೆ ಎಂಬುದನ್ನು ಹೃದಯತಜ್ಞರು ಎಕೋ ಮತ್ತು ರಕ್ತಪರೀಕ್ಷೆಯ ಅಂಕಿಗಳ ಸಮೇತ ಆರು ಸಾಲಿನ ಪತ್ರದಲ್ಲಿ ಬರೆದುಕೊಟ್ಟರು, ಶುಲ್ಕ ತೆಗೆದುಕೊಳ್ಳಲಿಲ್ಲ. ಆಗಸ್ಟ್ 14ರಂದು ಅದನ್ನು ಕಳಿಸುವಾಗಲೇ ಕಂಪನಿಯ ಕುಂದುಕೊರತೆ ಅಧಿಕಾರಿಗೆ ದೂರಿನ ಕರಡನ್ನೂ ಸಿದ್ಧಮಾಡಿಟ್ಟಿದ್ದೆ. ಅಲ್ಲಿ ಆಗದಿದ್ದರೆ ಪ್ರಾಧಿಕಾರದ ಬಿಮಾ ಭರೋಸಾ ಜಾಲತಾಣ, ಅದರಾಚೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿ. ಅಲ್ಲಿಗೆ ಶುಲ್ಕವೂ ಬೇಡ, ವಕೀಲರೂ ಬೇಡ. ನಮಗೆ ಅಲ್ಲಿಯವರೆಗೆ ಹೋಗುವ ಪ್ರಸಂಗ ಬರಲಿಲ್ಲ. ಆಗಸ್ಟ್ 29ರಂದು ಮಂಜೂರಾದ ಸಂದೇಶ ಬಂತು.

ಕೈಗೆ ಬಂದದ್ದು 1,29,215 ರೂಪಾಯಿ. ಕಡಿತವಾದ 17,165ರಲ್ಲಿ 9,365 ಕೈಗವಸು, ಮುಖವಾಡ, ನೋಂದಣಿ ಶುಲ್ಕದಂಥವು, 7,800 ಕೊಠಡಿ ಬಾಡಿಗೆಯ ಮಿತಿ ಮೀರಿದ್ದಕ್ಕೆ. ವಾರ್ಡು ಆರಿಸುವಾಗ ಮಿತಿ ಕೇಳದಿದ್ದದ್ದು ನಮ್ಮದೇ ತಪ್ಪು. ಅತ್ತಿಗೆಯ ಸರ ಬಿಡಿಸಿಕೊಂಡು ಬಂದೆವು, ಎರಡು ತಿಂಗಳ ಬಡ್ಡಿ ಕೈಬಿಟ್ಟಿತು.

ಕೇಸ್‌ಶೀಟಿನ ಮೊದಲ ಪುಟದಲ್ಲಿ 'ಬಿಪಿ 10 ವರ್ಷದಿಂದ' ಎಂಬುದು ಈಗಲೂ ಹಾಗೆಯೇ ಇದೆ, ಮುಂದೆಯೂ ಇರುತ್ತದೆ. ಕಳೆದ ಶನಿವಾರ ಮರುತಪಾಸಣೆಗೆ ಹೋದಾಗ ಹೊಸ ಕಿರಿಯ ವೈದ್ಯರೊಬ್ಬರು ಹಲಗೆ ಹಿಡಿದು ಅದೇ ಪ್ರಶ್ನೆ ಕೇಳಿದರು. ಅಣ್ಣ ಬಾಯಿ ತೆರೆಯುವ ಮೊದಲೇ ಅಮ್ಮ ಸೆರಗಿನ ಗಂಟಿನಿಂದ ಮಡಿಸಿದ ಚೀಟಿ ತೆಗೆದು ಮೇಜಿನ ಮೇಲಿಟ್ಟು, "ಎರಡು ಸಾವಿರದ ಹದಿನೆಂಟು, ನವೆಂಬರು" ಎಂದಳು.